ಮಳೆಗೆ ಮುಂಚೆಯೋ, ಮಳೆ ಬಂದ ಮೇಲೋ

ಕ್ಯಾಮೆರಾ ಹಿಡಿದವರು ನಿರ್ದೇಶನಕ್ಕೆ ಇಳಿದರೆ ನಮ್ಮ ಕಡೆ ಎಲ್ಲರೂ ಕೇಳುವ ಮಾತು ಒಂದೇ: “ಫ್ರೇಮ್ ಅಂತೂ ಚೊಲೋ ಇರ್ತಾವ ಬಿಡ್ರಿ, ಕಥಿ ಏನದ?”

ಛಾಯಾಗ್ರಾಹಕಿಯಾದ ನಾನು ನಿರ್ದೇಶಿಸುತ್ತಿರುವ ಸಿನಿಮಾದ ಕಥೆ ಒಂದು ಜೊತೆ ಬೆಳ್ಳಿ ಕಡಗದ್ದು. ಕಾಲ ಸುಮಾರು 1400. ಊರು ಕಲಬುರಗಿಯಿಂದ ಎತ್ತಿನ ಬಂಡಿಯಲ್ಲಿ ಒಂದು ದಿನದ ಹಾದಿಯ ಹಳ್ಳಿ. ದುರ್ಗಾದೇವಿ ಬರ ಎಂದು ದಖ್ಖನಿನ ಜನ ತಲೆಮಾರುಗಟ್ಟಲೆ ನೆನಪಿಟ್ಟುಕೊಂಡ ಬರ, 1396ರಿಂದ ಹನ್ನೆರಡು ವರ್ಷ ಕಾಡಿತು ಎಂದು ಹೇಳುತ್ತಾರೆ. ಆ ಬರದಲ್ಲಿ ಒಬ್ಬ ರೈತ ತನ್ನ ಹೆಂಡತಿಗೆ ತವರಿನವರು ಕೊಟ್ಟ ಕಡಗ ಮಾರುತ್ತಾನೆ. ದಿನಗಳು ತಿಳಿಯಾದ ಮೇಲೆ ಆಕೆ ಊರ ಹಿರಿಯರ ಮುಂದೆ ಬಂದು ನಿಲ್ಲುತ್ತಾಳೆ. ನನ್ನ ಕಡಗ ನನಗೆ ಬರಬೇಕು ಅನ್ನುತ್ತಾಳೆ. ಇಷ್ಟೇ. ಕಿರುಚಿತ್ರ. ಬೇಸಿಗೆಯಲ್ಲಿ ಅರ್ಧ, ಮಿರಗದ ಮಳೆ ಹಿಡಿದ ಮೇಲೆ ಅರ್ಧ ಶೂಟಿಂಗ್ ಮಾಡಬೇಕು.

ಬರೆಯಲು ಕೂತಾಗ ಇದು ಗಂಡ ಹೆಂಡತಿಯ ಜಗಳದ ಕಥೆಯಾಗಿತ್ತು. ಆ ಕಾಲದಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಯಾರದಾಗಿತ್ತು ಎಂದು ಓದುತ್ತ ಹೋದಂತೆ ಅದು ಬೇರೆಯೇ ಆಯಿತು. ಆಕೆಗೆ ಕಡಗ ವಾಪಸ್ ಬರಬೇಕೋ ಬೇಡವೋ ಎನ್ನುವುದು ಗಂಡ ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ನಿಂತಿಲ್ಲ. ಯಾವ ದಿನ ತೆಗೆದುಕೊಂಡ, ಆ ದಿನ ಮನೆಯಲ್ಲಿ ಬೇರೆ ಏನಿತ್ತು ಎನ್ನುವುದರ ಮೇಲೆ ನಿಂತಿದೆ. ಎರಡೂ ಕಣ್ಣಿಗೆ ಕಾಣುವ ಸಂಗತಿ. ಇಷ್ಟು ವರ್ಷ ಕಣ್ಣಿಗೆ ಕಾಣುವುದನ್ನೇ ನಂಬಿ ಬದುಕಿದವಳಿಗೆ ಈ ಕಾನೂನು ಕೈ ಹಿಡಿದು ಕರೆದ ಹಾಗಾಯಿತು.

ಆ ಕಾನೂನು ಬರೆದವನು ನಮ್ಮ ನೆಲದವನೇ. ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದ ವಿಜ್ಞಾನೇಶ್ವರ ಕಲ್ಯಾಣದಲ್ಲಿದ್ದ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ. ಇವತ್ತಿನ ಬಸವಕಲ್ಯಾಣ. ಕಲಬುರಗಿ ಜಿಲ್ಲೆಯ ಮರತೂರಿನವರು ಅವನನ್ನು ತಮ್ಮೂರಿನವನು ಎಂದು ಅಭಿಮಾನದಿಂದ ಹೇಳುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಈ ಟೀಕೆ ಬಂಗಾಳದ ಕಡೆಯದನ್ನು ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳ ಪಾಲುಪಟ್ಟಿಗೆ ಆಧಾರವಾಯಿತು. ನಮ್ಮಲ್ಲಿ ಕಲ್ಯಾಣ ಅಂದರೆ ಶರಣರು, ಅನುಭವ ಮಂಟಪ. ಅದು ಸರಿಯೇ. ಆದರೆ ಅವರಿಗಿಂತ ಒಂದೆರಡು ತಲೆಮಾರು ಮೊದಲು ಅದೇ ಊರಿನಲ್ಲಿ ಕೂತು ಒಬ್ಬ ಪಂಡಿತ ಹೆಂಡತಿಯ ಪೆಟ್ಟಿಗೆಯಲ್ಲಿರುವುದು ಯಾರದು ಎಂದು ವಾದ ಮಾಡಿದ್ದ ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅವನು ಹೇಳಿದ್ದು ಏನು? ಯಾಜ್ಞವಲ್ಕ್ಯ ಸ್ತ್ರೀಧನ, ಅಂದರೆ ಹೆಣ್ಣಿನ ಸ್ವಂತ ಆಸ್ತಿ, ಎಂದು ಒಂದು ಪಟ್ಟಿ ಕೊಟ್ಟಿದ್ದ. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯಲ್ಲಿ ಅಗ್ನಿಯ ಮುಂದೆ ಬಂದದ್ದು, ಗಂಡ ಇನ್ನೊಬ್ಬಳನ್ನು ತಂದಾಗ ಮೊದಲನೆಯವಳಿಗೆ ಕಟ್ಟಿಕೊಡಬೇಕಾದದ್ದು, ‘ಮುಂತಾದವು’. ಹಿಂದಿನವರು ಕಟ್ಟಿದ ಪಟ್ಟಿಗೆ ಬಾಗಿಲು ಹಾಕುವ ಬದಲು ವಿಜ್ಞಾನೇಶ್ವರ ಆ ಕೊನೆಯ ಪದದಲ್ಲಿ ಬಾಗಿಲು ತೆರೆದ. ಹೆಣ್ಣಿಗೆ ವಾರಸುದಾರಿಕೆಯಿಂದ ಬಂದದ್ದು, ಆಕೆ ಕೊಂಡದ್ದು, ಪಾಲಿನಲ್ಲಿ ಬಂದದ್ದು, ಆಕೆಗೆ ಸಿಕ್ಕಿದ್ದು, ಎಲ್ಲವೂ ಸ್ತ್ರೀಧನವೇ ಎಂದ. ಗಂಡುಮಕ್ಕಳಿಲ್ಲದೆ ಸತ್ತ, ಪಾಲಾಗಿ ಬೇರೆ ಇದ್ದವನ ಆಸ್ತಿಗೆ ಮೊದಲ ಹಕ್ಕುದಾರಳು ಹೆಂಡತಿ ಎಂದು ಪುಟಗಟ್ಟಲೆ ವಾದಿಸಿದ. ಧನವಿರುವುದು ಯಜ್ಞಕ್ಕಾಗಿ, ಹೆಂಗಸಿಗೆ ಯಜ್ಞದ ಅಧಿಕಾರವಿಲ್ಲ, ಆದ್ದರಿಂದ ಆಕೆಗೆ ಧನವೂ ಇಲ್ಲ ಎನ್ನುವವರಿದ್ದರು. ಧನ ಬರೀ ಯಜ್ಞಕ್ಕಲ್ಲ ಎಂದು ಅವರಿಗೆ ಉತ್ತರ ಕೊಟ್ಟ. ಹೆಂಗಸು ತೀರಿಹೋದರೆ ಆಕೆಯದು ಮೊದಲು ಹೆಣ್ಣುಮಕ್ಕಳಿಗೆ. ಅವರಲ್ಲೂ ಮದುವೆಯಾಗದವಳಿಗೆ ಮೊದಲು, ಆಮೇಲೆ ಮದುವೆಯಾದವರಲ್ಲಿ ಬಡವಿಗೆ. ಈ ಕ್ರಮದಲ್ಲಿರುವ ಕರುಣೆ ನನಗೆ ಬಹಳ ಹಿಡಿಸಿತು.

ಹಾಗೆಂದು ಇದನ್ನು ಹೆಂಗಸರ ರಾಜ್ಯ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಹುಟ್ಟುತ್ತಲೇ ಹೊಲದ ಮೇಲೆ ಹಕ್ಕು ಬರುವುದು ಗಂಡುಮಗುವಿಗೆ ಎಂಬ ಕಟ್ಟಳೆಯೂ ಇದೇ ಗ್ರಂಥದ್ದು. ಆ ಒಂದು ಸಾಲಿನಿಂದ ಕೋಟಿಗಟ್ಟಲೆ ಹೆಣ್ಣುಮಕ್ಕಳು ನೆಲದಿಂದ ಹೊರಗುಳಿದರು. ಇನ್ನು ಕಾತ್ಯಾಯನ ಎಂಬ ಇನ್ನೊಬ್ಬ ಸ್ಮೃತಿಕಾರನ ವಚನವೊಂದಿದೆ: ಹೆಂಗಸು ಕೈಕಸುಬಿನಿಂದ ಗಳಿಸಿದ್ದಕ್ಕೂ, ಹೊರಗಿನವರು ಪ್ರೀತಿಯಿಂದ ಕೊಟ್ಟದ್ದಕ್ಕೂ ಗಂಡನೇ ಒಡೆಯ. ನೂತದ್ದು, ನೇಯ್ದದ್ದು, ಹೊಲಿದದ್ದು, ಯಾವುದೂ ಆಕೆಯದಲ್ಲ! ಇದನ್ನು ಓದಿದ ರಾತ್ರಿ ಸಿಟ್ಟಿನಿಂದ ಪುಸ್ತಕ ಮುಚ್ಚಿಟ್ಟೆ. ದುಡಿದ ಕೈಯಿಂದ ದುಡಿಮೆಯನ್ನು ಬಿಡಿಸಿಕೊಳ್ಳುವುದು, ಕೊಟ್ಟ ಒಡವೆಯನ್ನು ಬಿಟ್ಟುಕೊಡುವುದು. ಒಡವೆಗೆ ಇರುವ ಮಾನ ಬೆವರಿಗೆ ಇಲ್ಲ.

ಈಗ ಕಡಗಕ್ಕೆ ಬರೋಣ. ಯಾಜ್ಞವಲ್ಕ್ಯನ ಶ್ಲೋಕ: ಬರದಲ್ಲಿ, ಧರ್ಮಕಾರ್ಯಕ್ಕೆ, ಕಾಯಿಲೆಯಲ್ಲಿ, ಸೆರೆ ಸಿಕ್ಕಾಗ ಗಂಡ ಹೆಂಡತಿಯ ಸ್ತ್ರೀಧನ ತೆಗೆದುಕೊಂಡರೆ ಹಿಂದಿರುಗಿಸಬೇಕಾಗಿಲ್ಲ. ವಿಜ್ಞಾನೇಶ್ವರ ಇದಕ್ಕೆ ಎರಡು ಗಂಟು ಹಾಕುತ್ತಾನೆ. ಒಂದು, ಗಂಡನ ಹತ್ತಿರ ಬೇರೆ ಧನ ಇರಬಾರದು. ಎರಡು, ಬೇರೆ ಯಾವ ರೀತಿಯಲ್ಲಿ ತೆಗೆದುಕೊಂಡರೂ ತಿರುಗಿ ಕೊಡಲೇಬೇಕು. ಗಂಡನನ್ನು ಬಿಟ್ಟು ಮಾವ, ಮೈದುನ, ದಾಯಾದಿ, ಯಾರೂ ಆಕೆ ಬದುಕಿರುವಾಗ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕಳ್ಳನಿಗೆ ಆಗುವ ಶಿಕ್ಷೆ ಎಂದು ಮನುವಿನ ಮಾತು ಎತ್ತಿ ಹೇಳುತ್ತಾನೆ.

ಹಳ್ಳಿಯ ಹಿರಿಯರು ಗ್ರಂಥ ಬಿಚ್ಚಿಟ್ಟುಕೊಂಡು ನ್ಯಾಯ ಹೇಳುತ್ತಿದ್ದರು ಎಂದು ನಾನು ವಾದಿಸುವುದಿಲ್ಲ. ಹಳ್ಳಿ ನಡೆಯುವುದು ರೂಢಿಯ ಮೇಲೆ. ಸಿನಿಮಾದಲ್ಲಿ ಗ್ರಂಥ ಬಲ್ಲ ಒಬ್ಬ ಮುದುಕ ಜೋಯಿಸನನ್ನು ಕಟ್ಟೆಯ ಮೇಲೆ ಕೂಡಿಸಿದ್ದೇನೆ, ಅದು ನನ್ನ ಕಲ್ಪನೆ.

ತಾಲೀಮಿನ ಮೊದಲ ದಿನವೇ ನಮ್ಮ ನಟಿ ಕೇಳಿದ್ದು: “ಕಡಗ ಕೊಡೋವಾಗ ನಾ ಯಾರ ಮುಖ ನೋಡ್ಲಿ ಅಕ್ಕಾ?” ಆಕೆ ಸೇಡಂ ಕಡೆಯ ಶಾಲೆಯಲ್ಲಿ ಟೀಚರು, ಹವ್ಯಾಸಿ ನಾಟಕದಲ್ಲಿ ಪಳಗಿದವಳು. ಬೇರೆಯವರ ಸಿನಿಮಾದಲ್ಲಿ ಕ್ಯಾಮೆರಾ ಹಿಂದೆ ಇದ್ದಾಗ ಇಂಥ ಪ್ರಶ್ನೆ ನನ್ನ ತನಕ ಬರುತ್ತಿರಲಿಲ್ಲ. ಬಂದಿದ್ದರೂ ಬೆಳಕಿಂಡಿಯ ಕಡೆ ನೋಡು, ಕಣ್ಣಿಗೆ ಬೆಳಕು ಬೀಳುತ್ತದೆ ಅನ್ನುತ್ತಿದ್ದೆ. ಅದು ಛಾಯಾಗ್ರಾಹಕಿಯ ಉತ್ತರ, ಆ ಕೆಲಸಕ್ಕೆ ತಕ್ಕ ಉತ್ತರ. ನಿರ್ದೇಶಕಿ ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಮಾಡಬೇಕು. ಆಕೆ ಕೊಡುತ್ತಿದ್ದಾಳೋ, ಅವನು ತೆಗೆದುಕೊಳ್ಳುತ್ತಿದ್ದಾನೋ? ಬರ ಇನ್ನೂ ಇದೆಯೋ, ಮುಗಿದಿದೆಯೋ?

ಬರ ತೋರಿಸುವುದು ನನಗೆ ಗೊತ್ತು. ಮೇ ತಿಂಗಳ ಕಲಬುರಗಿಯ ಆಕಾಶ ನೀಲಿಯಲ್ಲ, ಬಿಳಿ. ಹತ್ತು ಗಂಟೆ ದಾಟಿದರೆ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಶಹಾಬಾದ್ ಫರ್ಸಿ ಹಾಸಿದ ಅಂಗಳದಿಂದ ಬೆಳಕು ಕೆಳಗಿನಿಂದ ಎದ್ದು ಗದ್ದಕ್ಕೆ ಹೊಡೆಯುತ್ತದೆ. ಎರೆಹೊಲ ಬಿರಿದು ಅಂಗೈ ಇಳಿಯುವಷ್ಟು ಸಂದು. ಮಿರಗ ಕೂಡಿದ ಮೇಲೆ ಅದೇ ಮನೆ, ಅದೇ ಬೆಳಕಿಂಡಿ, ಆದರೆ ಬೆಳಕು ಮೆತ್ತಗೆ, ಗೋಡೆಯ ಮಣ್ಣಿನ ಬಣ್ಣ ಒಂದು ಪಟ್ಟು ಗಾಢ. ಈ ಎರಡು ಆಕಾಶ ಸಾಕು, ನೋಡುವವರಿಗೆ ಕಾಲ ತಿಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ವಕೀಲಿ ಮಾಡುವ ಗೆಳತಿ ಅದಕ್ಕೆ ಒಪ್ಪಲಿಲ್ಲ. “ಮಳಿ ಬಿದ್ದ ದಿನಾನೇ ಬರ ಮುಗೀತೇನು? ಬಿಳಿಜ್ವಾಳ ಬಿತ್ತೋದು ಯಾವಾಗ, ರಾಶಿ ಯಾವಾಗ? ಅಲ್ಲೀತನ ಹೊಟ್ಟಿಗಿ ಏನು ತಿಂತಾರ?” ಹೌದಲ್ಲ. ಹಿಂಗಾರಿ ಜೋಳ ಕೈಗೆ ಹತ್ತುವುದು ಮಾಘ, ಫಾಲ್ಗುಣಕ್ಕೆ. ಹಸಿರು ಹೊಲದ ನಡುವೆಯೂ ಬರ ಇರುತ್ತದೆ. ಆಕಾಶದ ಸಾಕ್ಷಿ ಸಾಲದು.

ಸಾಲುವ ಸಾಕ್ಷಿ ಸಿಕ್ಕಿದ್ದು ನಟಿಯ ಅತ್ತೆಯಿಂದ. ತಾಲೀಮು ಅವರ ಮನೆಯ ಪಡಸಾಲೆಯಲ್ಲೇ ನಡೆದಿತ್ತು. ಕಡಗ ಆಕೆಯವೇ. ಸಂದಿಲ್ಲದ ಗಟ್ಟಿ ಬೆಳ್ಳಿ, ಒಳಮೈ ಸವೆದು ನುಣುಪು, ಹೊರಗೆ ಒಂದು ಕಡೆ ಒನಕೆಯದೋ ಯಾವುದರದೋ ಪೆಟ್ಟು ಬಿದ್ದು ಸಣ್ಣ ತಗ್ಗು. ನಟಿ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ತುಟಿ ಕಚ್ಚಿ ತಿರುವಿ ತಿರುವಿ ತೆಗೆಯುತ್ತಿದ್ದಳು. ಮಾಡುತ್ತಿದ್ದುದು ಚೆನ್ನಾಗಿಯೇ ಇತ್ತು. ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ ಮೊರ ಕೆಳಗಿಟ್ಟರು.

“ಬರದಾಗ ಹಿಂಗ ತೆಗೀಬೇಕಾಗಂಗಿಲ್ಲ ಯವ್ವಾ. ಕೈ ಸೊರಗಿರ್ತದ, ಕಡಗ ತಾನೇ ಜಾರ್ತದ. ಕೈ ಕೆಳಗ ಬಿಟ್ರ ಬಿದ್ದೇ ಹೋಗ್ತದ. ಎಣ್ಣಿ ಹಚ್ಚಿ ತೆಗೀಬೇಕಾದ್ರ ಅದು ಉಂಡ ಕೈ.”

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಕಾನೂನಿನ ಪುಸ್ತಕದಲ್ಲಿ ಹುಡುಕುತ್ತಿದ್ದ ಗೆರೆ ಆ ಮಣಿಕಟ್ಟಿನ ಮೇಲೆ ಇತ್ತು. ಬರದ ದಿನ ತೆಗೆದುಕೊಂಡ ಕಡಗ ಜಾರಿ ಬರುತ್ತದೆ. ಬರ ಕಳೆದ ಮೇಲೆ ತೆಗೆದುಕೊಂಡ ಕಡಗಕ್ಕೆ ಎಣ್ಣೆ ಬೇಕು, ಬಲ ಬೇಕು, ಇನ್ನೊಬ್ಬರು ಹಿಡಿದುಕೊಳ್ಳಬೇಕು. ಎಣ್ಣೆ ಇದ್ದ ಮನೆಯಲ್ಲಿ ಬೇರೆ ಧನವೂ ಇತ್ತು ಎಂದಾಯಿತಲ್ಲ!

ಅಲ್ಲಿಗೆ ಚಿತ್ರಕಥೆ ಪೂರ್ತಿ ಬದಲಾಯಿತು. ಈಗ ಗಂಡ ಎರಡು ಸಲ ಬರುತ್ತಾನೆ. ಬರದ ನಟ್ಟನಡುವೆ ಬಲಗೈಯ ಕಡಗ: ಆಕೆ ಕೈ ಇಳಿಬಿಡುತ್ತಾಳೆ, ಅದು ಬೆರಳು ದಾಟಿ ಅವನ ಅಂಗೈಗೆ ಬೀಳುತ್ತದೆ. ರಾಶಿ ಆದ ಮೇಲೆ, ತಮ್ಮನ ಮದುವೆಗೆ ದುಡ್ಡು ಬೇಕು ಎಂದು ಎಡಗೈಯ ಕಡಗ: ಎಣ್ಣೆ, ಹಗ್ಗಜಗ್ಗಾಟ, ಮಣಿಕಟ್ಟಿನ ಮೇಲೆ ಕೆಂಪು ಬರೆ. ಹಿರಿಯರ ಮುಂದೆ ಆಕೆ ಎರಡೂ ಕೈ ಚಾಚುತ್ತಾಳೆ. ನಟಿಯನ್ನು ಉಪವಾಸ ಕೆಡವಿ ಕೈ ಸೊರಗಿಸಲು ಆಗುವುದಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಸರಾಫ್ ಬಜಾರಿನ ಅಕ್ಕಸಾಲಿಗರ ಹತ್ತಿರ ಅದೇ ನಮೂನೆಯದನ್ನು, ಆ ಸಣ್ಣ ತಗ್ಗು ಸಮೇತ, ಒಳಸುತ್ತು ದೊಡ್ಡದಾಗಿ ಜರ್ಮನ್ ಸಿಲ್ವರ್‌ನಲ್ಲಿ ಮಾಡಿಸಿದೆವು. ಬರದ ದೃಶ್ಯಕ್ಕೆ ಅದು. ಹತ್ತಿರದ ಶಾಟ್‌ನಲ್ಲಿ ಬೆಳ್ಳಿಗೂ ಇದಕ್ಕೂ ಹೊಳಪಿನಲ್ಲಿ ವ್ಯತ್ಯಾಸ ಕಾಣುತ್ತದೆ. ಬೂದಿ ಸವರಿದರೆ ಮಂದವಾಗುತ್ತದೆ.

ಬೇರೆ ಧನ ಇರಬಾರದು ಎಂಬ ಇನ್ನೊಂದು ಗಂಟಿಗೆ ಹಗೇವು ಇದೆ. ಅಂಗಳದ ಕೆಳಗೆ ಜೋಳ ತುಂಬಿಡುತ್ತಿದ್ದ ನೆಲಗುಳಿ. ಬಾಯಿ ತೆಗೆದ ಕೂಡಲೆ ಯಾರೂ ಒಳಗೆ ಇಳಿಯುವುದಿಲ್ಲ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ, ಆರದಿದ್ದರೆ ಮನುಷ್ಯ ಇಳಿಯುತ್ತಾನೆ. ನ್ಯಾಯದ ದಿನ ಹಿರಿಯರು ಆ ಮನೆಯ ಹಗೇವಿನ ಬಾಯಿ ತೆಗೆಸುತ್ತಾರೆ. ದೀಪ ಇಳಿಯುತ್ತ ಇಳಿಯುತ್ತ ಗೋಡೆಗೆ ಅಂಟಿದ ಹುಲ್ಲು ಕಾಣುತ್ತದೆ, ಆಮೇಲೆ ಜೋಳ. ಇಡೀ ಸಿನಿಮಾದಲ್ಲಿ ನಾನೇ ಕ್ಯಾಮೆರಾ ಹಿಡಿಯಬೇಕು ಎಂದು ಕೈ ತುರಿಸುವುದು ಇದೊಂದು ಶಾಟ್‌ಗೆ.

ಹಿಡಿಯುವುದಿಲ್ಲ. ಕ್ಯಾಮೆರಾವನ್ನು ಶಹಾಪುರದ ಒಬ್ಬ ಹುಡುಗನಿಗೆ ಒಪ್ಪಿಸಿದ್ದೇನೆ. ಈ ದಾರಿಯಲ್ಲಿ ಮೊದಲು ನಡೆದವರನ್ನು ನೋಡಿ ಮಾಡಿದ ನಿರ್ಧಾರ ಇದು. ಶ್ಯಾಮ್ ಬೆನಗಲ್ ಅವರ ಚಿತ್ರಗಳ ಛಾಯಾಗ್ರಾಹಕರಾಗಿದ್ದ ಗೋವಿಂದ ನಿಹಲಾನಿ 1980ರಲ್ಲಿ ‘ಆಕ್ರೋಶ್’ ನಿರ್ದೇಶಿಸಿದಾಗ ಕ್ಯಾಮೆರಾ ತಾವೇ ಇಟ್ಟುಕೊಂಡರು. ಅವರು ಈ ವಿದ್ಯೆ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಪಳಗಿದ್ದು ಅಲ್ಲಿಯೇ ಓದಿದ್ದ ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ‘ಆಕ್ರೋಶ್’ನ ಮುಖ್ಯ ಪಾತ್ರ ಹೆಚ್ಚುಕಡಿಮೆ ಸಿನಿಮಾ ಉದ್ದಕ್ಕೂ ಬಾಯಿ ಬಿಡುವುದಿಲ್ಲ. ಮೊದಲ ಚಿತ್ರದಲ್ಲೇ ಮಾತಿಲ್ಲದ ಮುಖವನ್ನು ನಡುವೆ ಇಡುವ ಧೈರ್ಯ ಮುಖಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವರಿಗೇ ಬರುವುದು ಎಂದು ನನ್ನ ನಂಬಿಕೆ. ಬಾಲು ಮಹೇಂದ್ರ ನಿರ್ದೇಶಿಸಿದ ಮೊದಲ ಚಿತ್ರ ನಮ್ಮ ಕನ್ನಡದ್ದೇ, 1977ರ ‘ಕೋಕಿಲ’. ಅವರೂ ಕ್ಯಾಮೆರಾ ಬಿಡಲಿಲ್ಲ. ಮಲಯಾಳಂ ನಿರ್ದೇಶಕ ಅರವಿಂದನ್ ಅವರ ಛಾಯಾಗ್ರಾಹಕರಾಗಿದ್ದ ಶಾಜಿ ಕರುಣ್ ಮಾತ್ರ ‘ಪಿರವಿ’ಯಲ್ಲಿ ಕ್ಯಾಮೆರಾವನ್ನು ಸನ್ನಿ ಜೋಸೆಫ್ ಅವರಿಗೆ ಕೊಟ್ಟರು. ಮಗನಿಗಾಗಿ ಕಾಯುವ ಆ ಮುದಿ ತಂದೆಯನ್ನು ನೋಡಿದಾಗಲೆಲ್ಲ, ಕಣ್ಣನ್ನು ವ್ಯೂಫೈಂಡರ್‌ನಿಂದ ತೆಗೆದು ನಟನ ಪಕ್ಕದಲ್ಲಿ ನಿಂತವರು ಮಾಡಿದ ಚಿತ್ರ ಇದು ಅನ್ನಿಸುತ್ತದೆ. ಹೆಂಗಸರಲ್ಲಿ ಬಿ.ಆರ್. ವಿಜಯಲಕ್ಷ್ಮಿ ಅವರಿದ್ದಾರೆ: 1985ರಲ್ಲಿ ತಮಿಳಿನ ‘ಚಿನ್ನ ವೀಡು’ ಮೂಲಕ ಛಾಯಾಗ್ರಾಹಕಿಯಾದರು, 1995ರಲ್ಲಿ ‘ಪಾಟ್ಟು ಪಾಡವಾ’ ನಿರ್ದೇಶಿಸಿದರು. ನನ್ನಂಥವರಿಗೆ ಆ ಹೆಸರು ಬಹಳ ದೊಡ್ಡದು.

ನಾನು ಶಾಜಿಯವರ ದಾರಿ ಹಿಡಿದೆ. ವ್ಯೂಫೈಂಡರ್‌ಗೆ ಕಣ್ಣಿಟ್ಟವರಿಗೆ ಅಂಚು ಕಾಣುತ್ತದೆ, ಫೋಕಸ್ ಕಾಣುತ್ತದೆ, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಕಾಣುತ್ತದೆ. (ಅದು ಕಾಣಲೂಬೇಕು, ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಮೂಲಕ, 1400ರ ಅಂಗಳದಲ್ಲಿ ಅದು ಇರಕೂಡದು.) ಮೊರ ಕೆಳಗಿಟ್ಟ ಅತ್ತೆ ಮಾತ್ರ ಕಾಣುವುದಿಲ್ಲ, ಅವರು ಫ್ರೇಮಿನ ಹೊರಗಿದ್ದರು.

ನೆರೆಮನೆಯ ಪಾತ್ರವೊಂದಿದೆ, ಬಹಮನಿ ಸೈನ್ಯದ ಒಬ್ಬ ಸಿಪಾಯಿಯ ಹೆಂಡತಿ. 1347ರಿಂದ ಕಲಬುರಗಿ ಬಹಮನಿಗಳ ರಾಜಧಾನಿ. ಎರಡನೆಯ ಮುಹಮ್ಮದ್ ಶಾಹನ ಕಾಲದ ಬರದಲ್ಲಿ ಮಾಳವ, ಗುಜರಾತಿನಿಂದ ಧಾನ್ಯ ತರಲು ಹತ್ತು ಸಾವಿರ ಎತ್ತುಗಳನ್ನು ಹಚ್ಚಿದ್ದರು ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಆ ಸಿಪಾಯಿಯ ಹೆಂಡತಿ ಮುಸ್ಲಿಂ, ಆಕೆಯ ಕಾನೂನು ಬೇರೆ. ಮಹರ್, ಅಂದರೆ ಮದುವೆಯಲ್ಲಿ ಹೆಂಡತಿಗೆ ಕೊಡುತ್ತೇನೆಂದು ಒಪ್ಪಿದ ಧನ, ಗಂಡನ ಮೇಲಿರುವ ಸಾಲ. ತವರಿನಿಂದ ತಂದದ್ದು, ತಾನು ಗಳಿಸಿದ್ದು ಆಕೆಯದೇ, ಮದುವೆಯಿಂದ ಅದರ ಒಡೆತನ ಬದಲಾಗುವುದಿಲ್ಲ. ಗಂಡ ಸತ್ತರೆ ಮಕ್ಕಳಿದ್ದರೆ ಎಂಟರಲ್ಲಿ ಒಂದು ಪಾಲು, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು. ಕಾಗದದ ಮೇಲೆ ಇದು ಮಿತಾಕ್ಷರಕ್ಕಿಂತ ಗಟ್ಟಿ. ಆದರೆ ಕೊಡದ ಮಹರನ್ನು ಗಂಡನ ಹೆಣದ ಪಕ್ಕದಲ್ಲಿ ಮಾಫ್ ಮಾಡಿಸುವ ರೂಢಿ ನಮ್ಮ ಮೊಹಲ್ಲಾಗಳಲ್ಲಿ ಎಲ್ಲರಿಗೂ ಗೊತ್ತು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಯಾರದು ಯಾರ ಕೈಲಿದೆ ಎಂದು ಲೆಕ್ಕ ಹಾಕುವ ದೃಶ್ಯ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು. ಒಬ್ಬಳಿಗೆ ದುಡಿದದ್ದು ತನ್ನದಲ್ಲ, ಇನ್ನೊಬ್ಬಳಿಗೆ ಬರಬೇಕಾದದ್ದು ಬಂದಿಲ್ಲ.

ಅದೇ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನ ಚರಾಸ್ತಿ ಗಂಡನದೇ ಆಗುತ್ತಿತ್ತು. ಅಲ್ಲಿ ಹೆಂಡತಿಗೆ ತನ್ನ ಆಸ್ತಿ ತನ್ನದು ಎಂಬ ಪೂರ್ಣ ಕಾನೂನು ಬಂದದ್ದು 1882ರಲ್ಲಿ. ಮಿತಾಕ್ಷರದಲ್ಲಿ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಇಂ‌ಗ್ಲಿಷಿಗೆ ತಂದದ್ದು 1810ರಲ್ಲಿ. ಆಮೇಲೆ ಆಗಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ವಿಜ್ಞಾನೇಶ್ವರ ತೆರೆದ ಬಾಗಿಲನ್ನು ಒಂದೊಂದಾಗಿ ಮುಚ್ಚಿತು. ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲ ಎಂದದ್ದು 1867ರಲ್ಲಿ. ಇನ್ನೊಬ್ಬ ಹೆಂಗಸಿನಿಂದ ವಾರಸಾಗಿ ಬಂದದ್ದೂ ಅಲ್ಲ ಎಂದದ್ದು 1903ರಲ್ಲಿ. ಅನುಭವಿಸು, ಮಾರಬೇಡ, ನಿನ್ನ ನಂತರ ಅದು ಹಿಂದಿನ ಒಡೆಯರ ವಾರಸುದಾರರಿಗೆ ಎಂಬುದೇ ಕಟ್ಟಳೆಯಾಯಿತು. ಕಲ್ಯಾಣದ ಪಂಡಿತ ಅಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದನ್ನು ಏಳುನೂರು ವರ್ಷದ ನಂತರ ಬಂದವರು ಕಿರಿದು ಮಾಡಿದರು ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದಿತು. ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು, ಆ ಕಾಯ್ದೆಯ ಗಾಳಿ ಭೀಮೆ ದಾಟಿ ಇಲ್ಲಿಗೆ ಬರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮನ್ನು ವಕೀಲ ಗೆಳತಿ ಓದಿ ಹೇಳಿದಾಗ ಮೈ ಜುಮ್ಮೆಂದಿತು. ವಾರಸಾಗಿ ಬಂದದ್ದು, ಪಾಲಿನಲ್ಲಿ ಬಂದದ್ದು, ಕೊಡುಗೆ, ಖರೀದಿ, ಸ್ವಂತ ದುಡಿಮೆ, ಬೇರೆ ಯಾವುದೇ ರೀತಿಯಲ್ಲಿ ಬಂದದ್ದು, ಎಲ್ಲಕ್ಕೂ ಹೆಂಗಸು ಪೂರ್ಣ ಒಡತಿ. ವಿಜ್ಞಾನೇಶ್ವರನ ಪಟ್ಟಿಯೇ ಮರಳಿ ಬಂದ ಹಾಗಿದೆ. ಜೊತೆಗೆ ಕಾತ್ಯಾಯನ ಕಸಿದುಕೊಂಡಿದ್ದ ದುಡಿಮೆಯೂ ಸೇರಿದೆ. ಹುಟ್ಟಿನಿಂದ ಬರುವ ಹಕ್ಕು ಹೆಣ್ಣುಮಗಳಿಗೂ ಸಿಕ್ಕಿದ್ದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಆ ಹಕ್ಕು ಸಿಗಲು 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನ ಕೊಟ್ಟದ್ದು 2020ರಲ್ಲಿ.

ಕಾಯ್ದೆ ಇಷ್ಟು ದೂರ ಬಂದಿದೆ, ಉಪನೋಂದಣಿ ಕಚೇರಿಯ ಮುಂದೆ ಮಾತ್ರ ದೃಶ್ಯ ಬೇರೆ. ನಮ್ಮ ಬಂಧುಗಳಲ್ಲೇ ಒಬ್ಬ ಸೋದರತ್ತೆ ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಬಂದರು. ಬದಲಿಗೆ ಸಿಕ್ಕಿದ್ದು ಸೀರೆ, ಕುಬಸ, ಒಂದು ಹೊತ್ತಿನ ಹೋಳಿಗೆ ಊಟ. “ತವರಮನಿ ಬಾಗಿಲ ಮುಚ್ಚಬಾರ್ದು ನೋಡವ್ವಾ” ಅಂದರು. ಆ ಮಾತಿನಲ್ಲಿ ಎಷ್ಟು ಪ್ರೀತಿ ಇದೆಯೋ ಅಷ್ಟೇ ಹೆದರಿಕೆಯೂ ಇದೆ. ಮದುವೆ ವಿಡಿಯೋ ಮಾಡಿ ಹೊಟ್ಟೆ ಹೊರೆದ ವರ್ಷಗಳಲ್ಲಿ ಬಂಗಾರದ ತಟ್ಟೆಗೆ ಎಷ್ಟು ಸಲ ಬೆಳಕು ಹಿಡಿದಿದ್ದೇನೋ! ಪಾಟ್ಲಿ, ಬಿಲ್ವಾರ, ಬೋರಮಾಳ ಒಂದೊಂದಾಗಿ ಮಿಂಚುವ ಹಾಗೆ. ಅವು ಒಂದು ವರ್ಷದ ನಂತರ ಯಾರ ಬೀರುವಿನಲ್ಲಿ ಇರುತ್ತವೆ, ಕೀಲಿ ಯಾರ ಸೊಂಟದಲ್ಲಿ ಇರುತ್ತದೆ ಎನ್ನುವುದನ್ನು ಯಾವ ಮದುವೆ ವಿಡಿಯೋವೂ ತೋರಿಸುವುದಿಲ್ಲ. ಸ್ತ್ರೀಧನ ಗಂಡನ ಮನೆಯವರ ಕೈಯಲ್ಲಿದ್ದರೂ ಒಡತಿ ಹೆಂಡತಿಯೇ, ತಿರುಗಿ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲೇ.

2024ರಲ್ಲಿ ಕೇರಳದ ಒಂದು ಪ್ರಕರಣ ಅದೇ ಕೋರ್ಟಿಗೆ ಬಂತು. ಮದುವೆಯ ರಾತ್ರಿಯೇ ಭದ್ರವಾಗಿಡುತ್ತೇವೆ ಎಂದು ಹೆಂಡತಿಯ ಬಂಗಾರ ತೆಗೆದುಕೊಂಡು, ಗಂಡನ ಮನೆಯವರು ತಮ್ಮ ಹಳೆಯ ಸಾಲಕ್ಕೆ ಬಳಸಿದ್ದರು ಎಂಬ ದೂರು. ಕೋರ್ಟ್ ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು. ಸಂಕಷ್ಟದಲ್ಲಿ ಗಂಡ ಸ್ತ್ರೀಧನ ಬಳಸಬಹುದು, ಆದರೆ ಅದನ್ನೋ ಅದರ ಬೆಲೆಯನ್ನೋ ತಿರುಗಿ ಕೊಡುವ ನೈತಿಕ ಹೊಣೆ ಅವನ ಮೇಲಿದೆ ಎಂದಿತು. ಬರದ ಶ್ಲೋಕ ಇನ್ನೂ ಬದುಕಿದೆ, ಆದರೆ ಒಂದು ಮಾತು ತಿರುಗಿದೆ. ಆಗ ‘ಕೊಡಬೇಕಾಗಿಲ್ಲ’, ಈಗ ‘ಕೊಡಬೇಕು’. ನನ್ನ ನಾಯಕಿ ಈ ಎರಡರ ನಡುವೆ ನಿಂತವಳು, ಆಕೆಗೆ ಸಿಗುವ ನ್ಯಾಯ ಅರ್ಧ. ಜೋಯಿಸ ಎರಡೂ ಮಣಿಕಟ್ಟು ನೋಡಿ ಎಡಗೈದು ಬರಬೇಕು, ಬಲಗೈದು ಬರುವುದಿಲ್ಲ ಅನ್ನುತ್ತಾನೆ. ಬಹಳ ದಿನ ಅಲ್ಲಿಗೇ ಚಿತ್ರ ಮುಗಿದಿತ್ತು.

ನಮ್ಮ ನಟಿ ಬಿಡಲಿಲ್ಲ. “ಬಲಗೈದು ತೊಗೊಂಡಾಗ ಅವ ಏನರೆ ಅಂದಿರ್ಬೇಕಲ್ಲಾ ಅಕ್ಕಾ? ಗಂಡಸ್ರು ಸುಮ್ಮ ತೊಗೊಂಡು ಹೋಗಂಗಿಲ್ಲ, ಏನರೆ ಒಂದ್ ಮಾತು ಹೇಳೇ ಹೋಗ್ತಾರ.” ಸರಿ, ಏನು ಹೇಳುತ್ತಾನೆ? “ಸುಗ್ಗಿಗಿ ಇದರಂಥಾದ್ದೇ ಮಾಡಿಸಿ ಕೊಡ್ತೀನಿ” ಅನ್ನುತ್ತಾನೆ. ಅದನ್ನು ಬರೆದುಕೊಂಡ ಮೇಲೆ ಕಾತ್ಯಾಯನನ ಇನ್ನೊಂದು ವಚನ ನೆನಪಾಯಿತು: ಗಂಡ ಕೊಡುತ್ತೇನೆಂದು ಮಾತು ಕೊಟ್ಟ ಸ್ತ್ರೀಧನವನ್ನು ಗಂಡುಮಕ್ಕಳು ಸಾಲ ತೀರಿಸಿದಂತೆ ತೀರಿಸಬೇಕು. ದುಡಿಮೆ ಕಸಿದ ಅದೇ ಕಾತ್ಯಾಯನ! ಜೋಯಿಸ ಈಗ ಒಂದು ಪ್ರಶ್ನೆ ಕೇಳುತ್ತಾನೆ: ತೆಗೆದುಕೊಂಡಾಗ ಗಂಡ ಏನಾದರೂ ಮಾತಾಡಿದ್ದನೇ, ಕೇಳಿದವರು ಯಾರಾದರೂ ಇದ್ದರೇ?

ಇದ್ದರು. ಬರದ ಆ ದೃಶ್ಯದಲ್ಲಿ ಬಾಗಿಲ ಹತ್ತಿರ ಏಳೆಂಟು ವರ್ಷದ ಮಗನನ್ನು ಕೂಡಿಸಿದ್ದೇನೆ. ಮೊದಲು ಫ್ರೇಮಿನ ಎಡಗಡೆ ಖಾಲಿ ಕಂಡಿತೆಂದು ಕ್ಯಾಮೆರಾದ ಹುಡುಗ ಒಂದು ಗಡಿಗೆ ಇಡೋಣವೇ ಎಂದು ಕೇಳಿದ್ದ ಜಾಗ ಅದು. ಈಗ ಅಲ್ಲಿ ಸಾಲಗಾರ ಕೂತಿದ್ದಾನೆ. ಪಾತ್ರಕ್ಕೆ ಹುಡುಗ ಇನ್ನೂ ಸಿಕ್ಕಿಲ್ಲ. ಆಳಂದ, ಚಿಂಚೋಳಿ, ಚಿತ್ತಾಪುರ ಕಡೆ ಕನ್ನಡ ಮಾತಾಡುವ, ಬಹಳ ಹೊತ್ತು ಸುಮ್ಮನೆ ನೋಡುತ್ತ ಕೂರಬಲ್ಲ ಹುಡುಗನಿದ್ದರೆ ತಿಳಿಸಿ. ಮೇ ಎರಡನೆಯ ವಾರ ಶೂಟಿಂಗ್.